ತಂತ್ರಾಂಶ ಮತ್ತು ಅದರ ಲೈಬ್ರರಿ ಕಡತ: ಪ್ರವೇಶ ದೋಷಗಳ ಪರಿಶೀಲನಾ ಕ್ರಮ

ಪೀಣ್ಯ ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ಹೆಗ್ಗನಹಳ್ಳಿ, ಸುಂಕದಕಟ್ಟೆಗಳ ಸಣ್ಣ ಘಟಕಗಳಲ್ಲಿ ಲೆಕ್ಕಪತ್ರದ ಕಂಪ್ಯೂಟರ್ ಬಹುಮಟ್ಟಿಗೆ ಒಂದೇ ಇರುತ್ತದೆ. ಬಿಲ್ಲು, ದಾಸ್ತಾನು, ಸಂಬಳದ ಪಟ್ಟಿ, ತೆರಿಗೆ ವಿವರಪಟ್ಟಿ ಎಲ್ಲವೂ ಅದರಲ್ಲಿಯೇ. ಪ್ರೈವೇಟ್ ಲಿಮಿಟೆಡ್ ಕಂಪನಿಗಳು ಜಿಎಸ್‌ಟಿ ವಿವರಪಟ್ಟಿಗೆ ಡಿಜಿಟಲ್ ಸಹಿ ಹಾಕಲೇಬೇಕು. ಮಾಸಿಕ ಸಲ್ಲಿಕೆದಾರರಿಗೆ ಜಿಎಸ್‌ಟಿಆರ್-1ರ ಕೊನೆಯ ದಿನ ಮುಂದಿನ ತಿಂಗಳ 11. ಆ ಸಂಜೆ ಟೋಕನ್ ಸಿಕ್ಕಿಸಿದಾಗ ಪರದೆಯ ಮೇಲೆ ‘ಮಾಡ್ಯೂಲ್ ಕುಡ್ ನಾಟ್ ಬಿ ಫೌಂಡ್’ ಎಂದು ಮೂಡಿದರೆ, ನಷ್ಟ ವಿಳಂಬ ಶುಲ್ಕಕ್ಕಷ್ಟೇ ಸೀಮಿತವಾಗುವುದಿಲ್ಲ. ಸರಕು ಕೊಂಡ ದೊಡ್ಡ ಕಾರ್ಖಾನೆಯ ಜಿಎಸ್‌ಟಿಆರ್-2ಬಿ 14ರಂದು ಸಿದ್ಧವಾಗುತ್ತದೆ. ಅದರಲ್ಲಿ ಈ ಬಿಲ್ಲುಗಳು ಕಾಣದಿದ್ದರೆ ಹೂಡುವಳಿ ತೆರಿಗೆ ಜಮೆ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. ಪಾವತಿಯೂ ಅದರ ಹಿಂದೆಯೇ ಹೋಗುವುದುಂಟು.

ದೋಷದ ಸ್ವರೂಪವನ್ನು ಜಾಬ್‌ವರ್ಕ್‌ನ ಹೋಲಿಕೆಯಿಂದ ಸುಲಭವಾಗಿ ಗ್ರಹಿಸಬಹುದು. ಟರ್ನಿಂಗ್ ಘಟಕವೊಂದು ಲೇಪನದ ಕೆಲಸವನ್ನು ತಾನೇ ಮಾಡದೆ ಹೊರಗೆ ಕೊಡುವಂತೆ, ತಂತ್ರಾಂಶವೂ ಕೆಲವು ಕೆಲಸಗಳನ್ನು ಹಂಚಿಕೆಯ ಲೈಬ್ರರಿಗೆ, ಅಂದರೆ ಡಿಎಲ್ಎಲ್ ಕಡತಕ್ಕೆ, ವಹಿಸುತ್ತದೆ. ಸಹಿಯ ಟೋಕನ್‌ನೊಡನೆ ಮಾತನಾಡುವುದು ಟೋಕನ್ ತಯಾರಕರ ಇಂಥ ಕಡತವೇ. ಹೊರಗೆ ಕೊಟ್ಟ ಕೆಲಸ ನಿಲ್ಲಲು ನಾಲ್ಕು ಕಾರಣಗಳುಂಟು: ವಿಳಾಸದಲ್ಲಿ ಅವನಿಲ್ಲ, ಗೇಟಿನಲ್ಲಿ ತಡೆದರು, ಅವನ ಯಂತ್ರಕ್ಕೆ ನಮ್ಮ ಅಳತೆ ಕೂಡುವುದಿಲ್ಲ, ಅಥವಾ ಅವನಿಗೆ ರಾಸಾಯನಿಕ ಪೂರೈಸುವವನೇ ಬಂದಿಲ್ಲ.

ವಿಂಡೋಸ್ ಈ ನಾಲ್ಕನ್ನೂ ಸಂಖ್ಯೆಗಳಿಂದ ಬೇರ್ಪಡಿಸುತ್ತದೆ. ಆದುದರಿಂದ ಸಂದೇಶದ ಪೆಟ್ಟಿಗೆಯನ್ನು ಮುಚ್ಚುವ ಮೊದಲು ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಅವಶ್ಯ. 2 ಎಂದರೆ ಕಡತ ಸಿಗಲಿಲ್ಲ. 5 ಎಂದರೆ ಪ್ರವೇಶ ನಿರಾಕರಣೆ. 32 ಎಂದರೆ ಬೇರೊಂದು ತಂತ್ರಾಂಶ ಆ ಕಡತವನ್ನು ಹಿಡಿದುಕೊಂಡಿದೆ. 126 ಹೆಚ್ಚಿನವರನ್ನು ದಾರಿತಪ್ಪಿಸುವ ಸಂಖ್ಯೆ. ‘ಮಾಡ್ಯೂಲ್ ಸಿಗಲಿಲ್ಲ’ ಎಂದು ಅದು ಹೇಳುತ್ತದೆ, ಹುಡುಕಿದರೆ ಕಡತ ಕಣ್ಣೆದುರಿಗೇ ಇರುತ್ತದೆ. ಸಿಗದಿರುವುದು ಆ ಕಡತವಲ್ಲ, ಅದು ಅವಲಂಬಿಸಿರುವ ಮತ್ತೊಂದು ಕಡತವಾಗಿರಬಹುದು. ಅನೇಕ ವೇಳೆ ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್ ಇಲ್ಲದಿರುವುದೇ ಕಾರಣ; ಅದನ್ನು ಮೈಕ್ರೋಸಾಫ್ಟ್ ಉಚಿತವಾಗಿ ಒದಗಿಸುತ್ತದೆ.

193 ಅಳತೆಯ ದೋಷ. 32 ಬಿಟ್ ತಂತ್ರಾಂಶವು 64 ಬಿಟ್ ಲೈಬ್ರರಿಯನ್ನು ತನ್ನೊಳಗೆ ತೆರೆಯಲಾರದು. ಇದರ ವಿಪರ್ಯಯವೂ ಸತ್ಯ. ಇಲ್ಲಿ ಹೆಸರುಗಳೇ ಗೊಂದಲ ಹುಟ್ಟಿಸುತ್ತವೆ. 64 ಬಿಟ್ ವಿಂಡೋಸ್‌ನಲ್ಲಿ ‘ಸಿಸ್ಟಮ್32’ ಎಂಬ ಕೋಶದಲ್ಲಿರುವುದು 64 ಬಿಟ್ ಕಡತಗಳು. 32 ಬಿಟ್ ಕಡತಗಳಿರುವುದು ‘ಸಿಸ್‌ವೌ64’ ಎಂಬಲ್ಲಿ. 32 ಬಿಟ್ ತಂತ್ರಾಂಶವು ಮೊದಲನೆಯ ಬಾಗಿಲು ತಟ್ಟಿದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಎರಡನೆಯದಕ್ಕೆ ಕಳುಹಿಸುತ್ತದೆ. ಹಳೆಯ ಕಂಪ್ಯೂಟರಿನಿಂದ ಕಡತವನ್ನು ಪೆನ್‌ಡ್ರೈವಿನಲ್ಲಿ ತಂದು ಸಿಸ್ಟಮ್32ಕ್ಕೆ ಹಾಕಿ ‘ಇಟ್ಟಿದ್ದೇವೆ, ಆದರೂ ಕಾಣುತ್ತಿಲ್ಲ’ ಎನ್ನುವವರ ತೊಂದರೆಗೆ ಮೂಲ ಅನೇಕ ವೇಳೆ ಇದೇ. ಕಡತವನ್ನು ಕೈಯಿಂದ ನಕಲಿಸದೆ, ಟೋಕನ್ ತಯಾರಕರ ಡ್ರೈವರನ್ನು ಪೂರ್ಣವಾಗಿ ತೆಗೆದು ಮತ್ತೆ ಸ್ಥಾಪಿಸುವುದೇ ಸರಿಯಾದ ಕ್ರಮ. ಡಿಎಲ್ಎಲ್‌ಗಳನ್ನು ಬಿಡಿಬಿಡಿಯಾಗಿ ಹಂಚುವ ಅಪರಿಚಿತ ತಾಣಗಳಿಂದ ಇಳಿಸಿಕೊಳ್ಳುವುದಂತೂ ಕೂಡದು. ಸಹಿ ಹಾಕುವ ಕಂಪ್ಯೂಟರಿಗೆ ಯಾರೋ ಕೊಟ್ಟ ಲೈಬ್ರರಿಯನ್ನು ಸೇರಿಸುವುದು ತಿಜೋರಿಯ ಕೀಲಿಗೆ ಅಚ್ಚು ತೆಗೆಯಲು ಬಿಟ್ಟಂತೆ.

ಪ್ರವೇಶ ನಿರಾಕರಣೆಗೆ ಪ್ರಚಲಿತವಿರುವ ಮದ್ದು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’. ಪರೀಕ್ಷೆಗಾಗಿ ಒಮ್ಮೆ ಮಾಡಿದರೆ ತಪ್ಪಿಲ್ಲ. ಅದರಿಂದ ಕೆಲಸ ನಡೆದರೆ ಕೊರತೆ ಅನುಮತಿಯದೆಂದು ಗೊತ್ತಾಯಿತು. ಆಗ ಆ ಒಂದು ಕೋಶಕ್ಕೆ ಆ ಬಳಕೆದಾರನಿಗೆ ಬೇಕಾದಷ್ಟೇ ಹಕ್ಕು ಕೊಡಬೇಕು. ಪ್ರತಿದಿನದ ಲೆಕ್ಕವನ್ನು ಆಡಳಿತಾಧಿಕಾರದಲ್ಲಿ ನಡೆಸುವುದೆಂದರೆ ಗುಮಾಸ್ತನಿಗೆ ಸಹಿ ಮಾಡಿದ ಖಾಲಿ ಚೆಕ್ಕು ಕೊಟ್ಟಂತೆಯೇ. ಆಂಟಿವೈರಸ್ಸಿನ ದಾಖಲೆಯನ್ನೂ ತೆರೆದು ನೋಡಬೇಕು. ಅದು ಲೈಬ್ರರಿಯನ್ನು ಪ್ರತ್ಯೇಕಿಸಿಟ್ಟಿದ್ದರೆ, ಕಡತದ ಮೂಲ ನಂಬಲರ್ಹವೆಂದು ಖಚಿತವಾದ ಮೇಲಷ್ಟೇ ಆ ಒಂದಕ್ಕೆ ವಿನಾಯಿತಿ ಕೊಡಬಹುದು.

ಇಷ್ಟಾದರೂ ತಿಳಿಯದಿದ್ದರೆ ಮೈಕ್ರೋಸಾಫ್ಟ್‌ನ ಉಚಿತ ಸಾಧನ ‘ಪ್ರೋಸೆಸ್ ಮಾನಿಟರ್’ ಇದೆ. ತಂತ್ರಾಂಶ ಯಾವ ಕಡತವನ್ನು ಎಲ್ಲಿ ಕೇಳಿತು, ಏನು ಉತ್ತರ ಬಂತು ಎಂಬುದನ್ನು ಅದು ರೋಜುವಹಿಯಂತೆ ಸಾಲುಸಾಲಾಗಿ ದಾಖಲಿಸುತ್ತದೆ. ‘ನೇಮ್ ನಾಟ್ ಫೌಂಡ್’ ಎಂಬ ಸಾಲುಗಳನ್ನು ಕಂಡೊಡನೆ ಗಾಬರಿಪಡಬೇಕಿಲ್ಲ. ವಿಂಡೋಸ್ ಸಾಮಾನ್ಯವಾಗಿ ಮೊದಲು ತಂತ್ರಾಂಶದ ಸ್ವಂತ ಕೋಶದಲ್ಲಿ, ಅನಂತರ ಸಿಸ್ಟಮ್ ಕೋಶದಲ್ಲಿ, ಹೀಗೆ ಒಂದೊಂದೇ ಸ್ಥಳದಲ್ಲಿ ಹುಡುಕುತ್ತ ಹೋಗುತ್ತದೆ. ನಡುವಿನ ‘ಇಲ್ಲ’ಗಳು ಸಹಜ. ಅದೇ ಹೆಸರಿನ ಹುಡುಕಾಟ ‘ಸಕ್ಸೆಸ್’ ಕಾಣದೆ ಮುಗಿದಿದೆಯೇ ಎಂಬುದನ್ನು ನೋಡಬೇಕು. ‘ಸಕ್ಸೆಸ್’ ಬಂದಿದ್ದರೂ ಯಾವ ಕೋಶದಿಂದ ಬಂತೆಂದು ಓದಬೇಕು. ತಂತ್ರಾಂಶದ ಕೋಶದಲ್ಲಿ ಹಳೆಯ ಪ್ರತಿಯೊಂದು ಉಳಿದಿದ್ದರೆ ಹೊಸದನ್ನು ಅದು ಮುಟ್ಟುವುದೇ ಇಲ್ಲ.

ಕೊನೆಯ ದಿನದ ಸಂಜೆ ಇಷ್ಟಕ್ಕೆಲ್ಲ ಸಮಯವಿರುವುದಿಲ್ಲ. ಆಗ ಟೋಕನ್ನನ್ನು ಸರಿಯಾಗಿರುವ ಮತ್ತೊಂದು ಕಂಪ್ಯೂಟರಿನಲ್ಲಿ ಸಿಕ್ಕಿಸಿ ಸಹಿ ಹಾಕಬಹುದು. ಅಲ್ಲಿ ನಡೆದರೆ ಟೋಕನ್ ಕೆಟ್ಟಿಲ್ಲ, ದೋಷ ಮೊದಲಿನ ಕಂಪ್ಯೂಟರಿನದೇ ಎಂದೂ ತಿಳಿಯುತ್ತದೆ. ಆದರೆ ಸಹಿದಾರರೇ ಜೊತೆಗಿದ್ದು ಪಿನ್ ಒತ್ತಬೇಕು. ಚೀಟಿಯಲ್ಲಿ ಪಿನ್ ಬರೆದು ಟೋಕನ್ನಿಗೆ ಅಂಟಿಸಿ ಹುಡುಗನ ಕೈಯಲ್ಲಿ ಕಳುಹಿಸುವ ಪದ್ಧತಿ ಅಪಾಯಕಾರಿ: 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೇ ಕಲಮು ಖಾಸಗಿ ಕೀಲಿಯ ಮೇಲಿನ ಹಿಡಿತವನ್ನು ಕಾಯ್ದುಕೊಳ್ಳುವ ಹೊಣೆಯನ್ನು ಸಹಿದಾರರ ಮೇಲೆಯೇ ಹೊರಿಸಿದೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ ಅನೇಕ ಘಟಕಗಳು ಕಂಪ್ಯೂಟರ್ ಬದಲಿಸಬೇಕಾಗಿದೆ. ವಿಂಡೋಸ್ 11 ಬರುವುದು 64 ಬಿಟ್ ರೂಪದಲ್ಲಿ ಮಾತ್ರ. ಹಳೆಯ ಯಂತ್ರವನ್ನು ಕೊಡುವ ಮೊದಲು ಲೆಕ್ಕದ ತಂತ್ರಾಂಶ, ಟೋಕನ್ ಡ್ರೈವರ್, ಸಹಿಯ ಸಾಧನ ಇವುಗಳ ಆವೃತ್ತಿ ಹಾಗೂ ಬಿಟ್ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ತಿಂಗಳ ಮೊದಲ ವಾರದಲ್ಲಿಯೇ ಹೊಸ ಯಂತ್ರದಲ್ಲಿ ಟೋಕನ್ ತೆರೆಯುವುದೇ ಎಂದು ನೋಡಿಕೊಳ್ಳತಕ್ಕದ್ದು.