ಸೌದೆ ಸೀಳುವ ಬೆಣೆ: ಚೂಪಿಗಿಂತ ಓರೆ ಮುಖ್ಯ

ಮೈಸೂರಿಗೆ ಸೌದೆ ಹಾಕುವ ನಮ್ಮಂಥ ಬೆದ್ದಲು ರೈತರಿಗೆ ಇಡೀ ದಿಮ್ಮಿಗಿಂತ ಸೀಳಿದ ಸೌದೆಯಲ್ಲೇ ನಾಲ್ಕು ಕಾಸು ಜಾಸ್ತಿ. ಸೀಳೋಕೆ ಆಳು ಸಿಗೋಲ್ಲ. ಅದಕ್ಕೇ ಟ್ರಾಕ್ಟರ್ ಹೈಡ್ರಾಲಿಕ್‌ಗೆ ಸಿಲಿಂಡರ್ ಕೂಡಿಸಿ ಮನೆಯಲ್ಲೇ ಯಂತ್ರ ಮಾಡಿಕೊಳ್ಳುವ ಆಸೆ ಹಲವರಿಗಿದೆ. ಎಲ್ಲರೂ ಕೇಳೋದು, ‘ಎಷ್ಟು ಟನ್ ಬೇಕು?’ ಮೊದಲು ಬೆಣೆ ನೋಡಿ ಅಂತ ನನ್ನ ಮಾತು.

ಲೆಕ್ಕ ಸುಲಭ

10 ಸೆಂ.ಮೀ. ಒಳವ್ಯಾಸದ ಸಿಲಿಂಡರ್‌ನ ವಿಸ್ತೀರ್ಣ 78.5 ಚದರ ಸೆಂ.ಮೀ. ಚದರ ಸೆಂ.ಮೀ.ಗೆ 150 ಕಿಲೋ ಒತ್ತಡವಿದ್ದರೆ ಸುಮಾರು 11,775 ಕಿಲೋ ಬಲ. ಬೆಣೆ 8 ಅಂಗುಲ ಉದ್ದ, ಹಿಂಬದಿ 2 ಅಂಗುಲ ದಪ್ಪ ಇದ್ದರೆ ಆ ಬಲ ಒಂದೊಂದು ಮಗ್ಗುಲಿಗೂ ನಾಲ್ಕು ಪಟ್ಟಾಗಬೇಕು. ಇದು ಕಾಗದದ ಲೆಕ್ಕ. ಮರ, ಕಬ್ಬಿಣ ಒಂದಕ್ಕೊಂದು ಉಜ್ಜಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಗುತ್ತೆ. ಹಾಗಾಗಿ ಮಗ್ಗುಲನ್ನು ಚೆನ್ನಾಗಿ ಉಜ್ಜಿ ನಯ ಮಾಡಿಸಿ, ಆಗಾಗ ಗ್ರೀಸ್ ಸವರಿ.

ಕೈಬೆಣೆ ಬೇರೆ, ಯಂತ್ರದ್ದು ಬೇರೆ

ಸಮ್ಮಟಿಗೆಯಲ್ಲಿ ಹೊಡೆಯುವ ಬೆಣೆ ಎರಡು ಏಟಿನ ನಡುವೆ ಮರದಲ್ಲೇ ಕಚ್ಚಿ ನಿಲ್ಲಬೇಕು. ತೀರಾ ಮೊಂಡಾದರೆ ಹಿಂದಕ್ಕೆ ಎಗರುತ್ತೆ. ನಾಲ್ಕಕ್ಕೆ ಒಂದರ ಓರೆ ಸಾಕು. ಯಂತ್ರ ಹಿಡಿದೇ ತಳ್ಳೋದರಿಂದ ಅಲ್ಲಿ ಎರಡು ಓರೆ ಕೊಡಬಹುದು. 1 ಅಂಗುಲ ದಪ್ಪದ ಪ್ಲೇಟಿನ ಮುಂದಿನ 4 ಅಂಗುಲವನ್ನು ಓರೆ ಮಾಡಿಸಿ. ಅದರ ಹಿಂದೆ ಎರಡೂ ಕಡೆ ರೆಕ್ಕೆ ಬೆಸೆದು ಒಟ್ಟು 3 ಅಂಗುಲಕ್ಕೆ ಅಗಲಿಸಿ. ಮುಂಭಾಗ ಬಿರುಕು ಬಿಡಿಸುತ್ತೆ, ರೆಕ್ಕೆ ಸೀಳುತ್ತೆ. ಬಿರುಕು ಮುಂದೆ ಓಡಿದ ಮೇಲೆ ಬಾಯಿಗೆ ಕೆಲಸವೇ ಇಲ್ಲ. ಹಾಗಾಗಿ ಅದು ಕ್ಷೌರದ ಕತ್ತಿಯಂತೆ ಇರಬೇಕಿಲ್ಲ, 2 ಮಿ.ಮೀ. ಚಪ್ಪಟೆ ಬಿಡಿ. ತೀರಾ ಚೂಪಾದರೆ ಗಂಟಿಗೆ ಸಿಕ್ಕಿ ಮಡಚಿಕೊಳ್ಳುತ್ತೆ.

ಕಬ್ಬಿಣ ಯಾವುದು?

ಯಂತ್ರಕ್ಕೆ ಮಾಮೂಲಿ ಮೆದು ಉಕ್ಕಿನ ಪ್ಲೇಟೇ ಸರಿ. ಲಾರಿ ಸ್ಪ್ರಿಂಗ್ ಪಟ್ಟಿ ಗಟ್ಟಿ ನಿಜ, ಆದರೆ ಸುಮ್ಮನೆ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಬಿರಿಯಬಹುದು. ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶದ ಕಡೆ ಕೆಲಸ ಕೊಡುವ ಮುಂಚೆ ರಟ್ಟಿನಲ್ಲಿ ಅಳತೆಗೆ ಕತ್ತರಿಸಿ ಒಯ್ಯಿರಿ. ಬಾಯಿಮಾತಿಗಿಂತ ಅದು ವಾಸಿ.

ನೀಲಗಿರಿಯನ್ನು ಹಸಿಯಿರುವಾಗಲೇ ಸೀಳಿ, ಒಣಗಿದರೆ ಕಷ್ಟ. ಹುಣಸೆಯ ಎಳೆ ಹೆಣೆದುಕೊಂಡಿರುತ್ತೆ. ದಪ್ಪ ದಿಮ್ಮಿಗೆ ಕಲ್ಲು ಒಡೆಯೋರ ಹಾಗೆ ಎರಡು ಮೂರು ಕೈಬೆಣೆ ಸಾಲಾಗಿ ಇಟ್ಟು, ಸರದಿಯಲ್ಲಿ ಹೊಡೆಯಿರಿ.

ಮರೆಯಬೇಡಿ

ತಳ್ಳುವ ಹಲಗೆ ಬೆಣೆಗೆ ಅರ್ಧ ಅಂಗುಲ ಮೊದಲೇ ನಿಲ್ಲಬೇಕು. ದಿಮ್ಮಿಯನ್ನು ಕೈಯಲ್ಲಿ ಹಿಡಿದು ಯಂತ್ರ ನಡೆಸಬಾರದು. ಲಿವರ್ ಹಿಡಿದವರೇ ದಿಮ್ಮಿ ಇಡಲಿ, ಇಬ್ಬರ ಕೈ ಬೇಡ. ಕೈಬೆಣೆಯ ತಲೆ ಏಟು ತಿಂದು ಅಣಬೆಯಂತೆ ಅರಳಿದರೆ ತಕ್ಷಣ ಉಜ್ಜಿಸಿ. ಅದರಿಂದ ಸಿಡಿಯುವ ಚೂರು ಕಣ್ಣು ಕಳೆಯುತ್ತೆ. ಕನ್ನಡಕ ಹಾಕಿಕೊಂಡೇ ಕೆಲಸಕ್ಕೆ ಇಳಿಯಿರಿ.