ಗ್ರಹಣವನ್ನು ಮಗನೇ ಹುಡುಕಲಿ

ತಂಗೀ,

ಹಿರೇಬೆಂಡಿಗೇರಿಯಿಂದ ನೀನು ಬರೆದ ಕಾಗದ ಮುಟ್ಟಿತು. ಮಗನಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದೀ. ಕನ್ನಡ, ಗಣಿತ ಹೇಗೋ ಸಾಗಿವೆ, ಇತಿಹಾಸಕ್ಕೂ ವಿಜ್ಞಾನಕ್ಕೂ ಮೊಬೈಲಿನಲ್ಲಿ ಯಾವ ವಿಡಿಯೋ ತೋರಿಸಲಿ ಎಂದು ಕೇಳಿದ್ದೀ. ನಮ್ಮ ಸೀಮೆಯ ಇನ್ನೂ ಕೆಲವು ತಾಯಂದಿರು ಇದನ್ನೇ ಕೇಳುತ್ತಾರಾದ್ದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಪರೀಕ್ಷೆಯ ಚಿಂತೆ ಈಗಲೇ ಬೇಡ. ವಯಸ್ಸು 14 ತುಂಬಿದರೆ ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯದಕ್ಕೆ ಕೂರಬಹುದು.

ವಿಡಿಯೋಗಳ ಪಟ್ಟಿ ನಾನು ಕೊಡುವುದಿಲ್ಲ. ಅವುಗಳಲ್ಲಿ ಒಳ್ಳೆಯವೂ ಇವೆ, ಆದರೆ ಯಾರೋ ಹುಡುಕಿ, ಯಾರೋ ತೀರ್ಮಾನಿಸಿ ಮುಗಿಸಿದ ಮಾತನ್ನು ಹುಡುಗ ಕೇಳಿಸಿಕೊಂಡು ಕೂರುತ್ತಾನೆ, ಅಷ್ಟೆ. ಅಂತರ್ಜಾಲದಲ್ಲಿ ಅದಕ್ಕಿಂತ ಬೆಲೆಯುಳ್ಳ ಸರಕು ಬೇರೆ ಇದೆ. ಪಂಡಿತರು ಯಾವುದನ್ನು ನೋಡಿ ತೀರ್ಮಾನಕ್ಕೆ ಬಂದರೋ ಆ ಮೂಲವೇ ಅಲ್ಲಿ ಪುಕ್ಕಟೆ ಸಿಗುತ್ತದೆ. ನಾನು ಓದುವ ಕಾಲಕ್ಕೆ ಅಂಥ ಮೂಲ ನೋಡಬೇಕೆಂದರೆ ಧಾರವಾಡದ ಬಸ್ಸು ಹತ್ತಬೇಕಿತ್ತು.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ, ಹಾಗೇ ಮಾಡಿಸು. ಗದಗಿನ ಬಳಿ ನೀಲಗುಂದ ಅಂತ ಊರಿದೆ. ಅಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಒಂದು ಶಾಸನ ಇದೆ. ‘ಕವಿರಾಜಮಾರ್ಗ’ದ ನೃಪತುಂಗನೇ. ಇದನ್ನು ಶಾಸನತಜ್ಞ ಫ್ಲೀಟ್ ಸಾಹೇಬ ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದ. ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಆ ಸಂಪುಟ ಇಡಿಯಾಗಿ ಇದೆ. ಶಾಸನದ ಪಾಠವನ್ನು ಇಂಗ್ಲಿಷ್ ಅಕ್ಷರದಲ್ಲಿ ಮೇಲೆ ಕೆಳಗೆ ಚುಕ್ಕೆ, ಗೆರೆ ಹಾಕಿ ಬರೆದಿರುತ್ತಾರೆ. ಹುಡುಗ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಕನ್ನಡಕ್ಕೆ ಇಳಿಸಿಕೊಳ್ಳಲಿ. ಹಳಗನ್ನಡ ಪೂರ್ತಿ ತಿಳಿಯದಿದ್ದರೆ ಬಿಡು. ಅವನು ಹಿಡಿಯಬೇಕಾದದ್ದು ಕಾಲ ಹೇಳುವ ಸಾಲು: ಶಕವರ್ಷ 788, ವ್ಯಯ ಸಂವತ್ಸರ, ಜ್ಯೇಷ್ಠ ಅಮಾವಾಸ್ಯೆ, ಆದಿತ್ಯವಾರ, ಸೂರ್ಯಗ್ರಹಣ.

ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. 866. ಇತಿಹಾಸದ ಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ನೀನು ಇಲ್ಲಿಂದ ವಿಜ್ಞಾನದ ಪಾಠ ಶುರು ಮಾಡು. ಅಮೆರಿಕದ ನಾಸಾ ಸಂಸ್ಥೆಯ ತಾಣದಲ್ಲಿ ಐದು ಸಾವಿರ ವರ್ಷಗಳ ಸೂರ್ಯಗ್ರಹಣಗಳ ಪಟ್ಟಿ ಇದೆ. ಅದರಲ್ಲಿ 866ನೆಯ ಇಸವಿ ತೆರೆದರೆ ಜೂನ್ 16 ಸಿಗುತ್ತದೆ. ಆ ದಿನ ಯಾವ ವಾರ? ಲೆಕ್ಕ ಹಾಕಿಸು, ಆದಿತ್ಯವಾರವೇ ಬರುತ್ತದೆ. ಹಳೆಯ ಜೂಲಿಯನ್ ಪಂಚಾಂಗದ ತಾರೀಖು ಅದು ಎಂಬುದನ್ನು ಮಾತ್ರ ಮರೆಯಬೇಡಿ, ಈಗಿನ ಕ್ಯಾಲೆಂಡರಿನ ಲೆಕ್ಕ ಹಾಕಿದರೆ ವಾರ ತಪ್ಪುತ್ತದೆ. ಆಮೇಲೆ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ಊರು ಗದಗ ಎಂದೂ ದಿನ ಅದೇ ಎಂದೂ ಕೊಟ್ಟು ಆಕಾಶ ತಿರುಗಿಸಲಿ. ಸೂರ್ಯ ಎಷ್ಟು ಮುಚ್ಚಿದ್ದ ಎಂಬುದನ್ನು ನೀನು ಹೇಳಬೇಡ, ಅವನೇ ನೋಡಿ ನಿನಗೆ ಹೇಳಲಿ.

ಇನ್ನೊಂದು ಶಾಸನ ಹುಡುಕಿ ನೋಡಿದಾಗ ಗ್ರಹಣ ಕೂಡಿಬರದೇ ಹೋಗಬಹುದು. ಆಗ ಪಾಠ ಇನ್ನೂ ರುಚಿ. ಇಲ್ಲಿ ಕಾಣದ ಗ್ರಹಣವನ್ನೂ ಪಂಚಾಂಗ ನೋಡಿ ಬರೆಸಿದವರಿದ್ದರು, ಕಲ್ಲುಕುಟಿಗನ ಕೈತಪ್ಪೂ ಇರಬಹುದು. ಭೂಮಿಯ ಆಸೆಗೆ ಮುಂದೆ ಯಾರೋ ಹುಟ್ಟಿಸಿದ ಕೂಟಶಾಸನಗಳೂ ಇವೆ, ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಫ್ಲೀಟ್ ಖೋಟಾ ಎಂದು ತಳ್ಳಿಹಾಕಿದ್ದ. ಇವುಗಳಲ್ಲಿ ಯಾವುದು ನಿಜ ಎಂದು ತಾಯಿ ಮಗ ಕೂತು ವಾದ ಮಾಡಿ.

ಗ್ರಹಣದ ಎಳೆ ಹಿಡಿದರೆ ರಸಾಯನಶಾಸ್ತ್ರಕ್ಕೂ ದಾರಿ ಇದೆ. 1868ರ ಆಗಸ್ಟ್ 18ರ ಸಂಪೂರ್ಣ ಗ್ರಹಣವನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷಲ್ ಯಂತ್ರ ಹೂಡಿದ್ದು ನಮ್ಮ ಜಮಖಂಡಿಯಲ್ಲಿ. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷಲನ ಮೊಮ್ಮಗ ಅವನು. ಅದೇ ಹೊತ್ತಿಗೆ ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಜಾನ್ಸೆನ್ ಇದ್ದ. ಸೂರ್ಯನ ಅಂಚಿನಿಂದ ಚಾಚಿದ ಕೆಂಪು ಜ್ವಾಲೆಗಳು ಅನಿಲದವು ಎಂದು ಆ ದಿನ ಗೊತ್ತಾಯಿತು, ಮತ್ತು ಆ ಗ್ರಹಣದ ಬೆನ್ನಿಗೇ ಸೂರ್ಯನ ಬೆಳಕಿನಲ್ಲಿ ಕಂಡ, ಗುರುತು ಸಿಗದ ಹಳದಿ ಗೆರೆಯೊಂದರ ಜಾಡು ಹಿಡಿದು ಹೀಲಿಯಂ ಎಂಬ ಹೊಸ ಮೂಲವಸ್ತುವಿನ ಹೆಸರು ಬಂತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ. ಆಮೇಲೆ 1980ರ ಫೆಬ್ರುವರಿ 16, ಶನಿವಾರದ ಸಂಪೂರ್ಣ ಗ್ರಹಣ. ಕಾರವಾರ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದ ಆ ಕತ್ತಲ ಪಟ್ಟಿಯಲ್ಲಿ ನಮ್ಮ ಶಿಗ್ಗಾವಿ ಸೀಮೆಯೂ ಇತ್ತು. ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಡೇರೆ ಹಾಕಿ ಕೂತಿದ್ದರೆ, ಇಲ್ಲಿ ಹಾಡಹಗಲೇ ಬಾಗಿಲು ಜಡಿದು, ನೀರಿಗೆ ದರ್ಭೆ ಹಾಕಿ ಒಳಗೆ ಕೂತವರೇ ಬಹಳ ಮಂದಿ. ಓಣಿಯ ಹಿರಿಯರನ್ನು ಮಗ ಹೋಗಿ ಕೇಳಲಿ, ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಲಿ. ಅಂತರ್ಜಾಲದಲ್ಲಿ ಇಲ್ಲದ ಮೂಲ ಅದು. ಹಿರಿಯರು ಇರುವಷ್ಟು ದಿನ ಮಾತ್ರ ಸಿಗುತ್ತದೆ.

ಹತ್ತಿರದ ಊರುಗಳನ್ನೂ ಹೀಗೇ ಓದಿಸು. ಬಂಕಾಪುರ ಕೋಟೆಗೆ ನವಿಲು ನೋಡಲು ಎಲ್ಲರೂ ಹೋಗುತ್ತಾರೆ. ನೀವು ಹೋಗುವ ಮುನ್ನ 1875ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕೋಟೆಯ 1055ರ ಶಾಸನದ ಪಾಠ ತೆಗೆದುಕೊಂಡು ಹೋಗಿ. ಅರವತ್ತು ಕಂಬದ ಗುಡಿಯನ್ನೂ ಬಿಡಬೇಡಿ. ಗುಣಭದ್ರರ ‘ಉತ್ತರಪುರಾಣ’ 898ರಲ್ಲಿ ಪೂಜೆಗೊಂಡದ್ದು ಇದೇ ಊರಲ್ಲಿ.

ಸವಣೂರಿನ ಕಲ್ಮಠದಲ್ಲಿ ದೊಡ್ಡ ಹುಣಸೆ ಎಂದು ಕರೆಯುವ ಮರಗಳದು ಬೇರೆಯೇ ಕಥೆ. ಅವುಗಳ ವಯಸ್ಸು ಎರಡು ಸಾವಿರ, ಐದು ಸಾವಿರ ಎಂದು ನೆಟ್‌ನಲ್ಲಿ ಬಾಯಿಗೆ ಬಂದದ್ದನ್ನು ಬರೆದಿದ್ದಾರೆ, ಒಬ್ಬರದನ್ನು ನೋಡಿ ಇನ್ನೊಬ್ಬರು. ಮಗನಿಗೆ ಒಂದೇ ಪ್ರಶ್ನೆ ಕಲಿಸು: ಅಳೆದವರು ಯಾರು, ಹೇಗೆ? ಇವು ಆಫ್ರಿಕ ಮೂಲದ ಬಾವೋಬಾಬ್. ಹತ್ತಿ, ಬೆಂಡಿ, ಬೂರುಗಗಳ ಬಳಗ. ಐದು ಬೆರಳಿನಂತೆ ಬಿಚ್ಚಿಕೊಂಡ ಎಲೆಯನ್ನು ಕೈಯಲ್ಲಿ ಹಿಡಿದರೆ ಹುಣಸೆ ಅಲ್ಲವೆಂದು ಮಗುವಿಗೂ ತಿಳಿಯುತ್ತದೆ. ಇವುಗಳ ಕಾಂಡದ ಉಂಗುರ ಎಣಿಸಿ ವಯಸ್ಸು ಹೇಳುವಂತಿಲ್ಲ, ಇಂಗಾಲದ ಪರೀಕ್ಷೆಯೇ ಆಗಬೇಕು. ಆಫ್ರಿಕದ ಹಳೆಯ ಬಾವೋಬಾಬ್‌ಗಳನ್ನು ಹಾಗೆ ಅಳೆದ ವರದಿ 2018ರಲ್ಲಿ ‘ನೇಚರ್ ಪ್ಲಾಂಟ್ಸ್’ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಎಲ್ಲಕ್ಕೂ ಹಿರಿದು ಜಿಂಬಾಬ್ವೆಯ ಒಂದು ಮರ, ಸುಮಾರು 2,450 ವರ್ಷ. ಹಾಗಿದ್ದಮೇಲೆ ಐದು ಸಾವಿರದ ಮಾತು ಎಷ್ಟು ನಂಬಬೇಕು ಎಂಬುದನ್ನು ಅವನೇ ತೂಗಲಿ.

ಉಳಿದದ್ದು ಚುಟುಕಾಗಿ. ಭೌತಶಾಸ್ತ್ರಕ್ಕೆ ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ತಾಣ ಚಲೋ; ಬೆರಳಿನಿಂದ ಎಳೆದು, ಕೂಡಿಸಿ ಮಾಡುವ ಪ್ರಯೋಗಗಳು, ಹಲವು ಕನ್ನಡದಲ್ಲೇ ಇವೆ. ನಮ್ಮ ಭಾಗದ ಬೆಳೆ, ಸಂತೆ, ಕೆರೆಗಳಿಗೆ 1884ರ ಧಾರವಾಡ ಗೆಜೆಟಿಯರ್ ಓದಿಸು, ಆಳುವವರ ಕಣ್ಣಿನಿಂದ ಬರೆದದ್ದು ಎಂದು ಮೊದಲೇ ಹೇಳಿ. ನೆಟ್‌ವರ್ಕ್ ಕೈಕೊಡುವ ಊರಿನಲ್ಲಿ ಪುಸ್ತಕವನ್ನು ಒಮ್ಮೆ ಇಳಿಸಿಟ್ಟುಕೊಳ್ಳುವುದೇ ಜಾಣತನ. ಇಂಗ್ಲಿಷ್ ಬರುವುದಿಲ್ಲವೆಂದು ಹೆದರಬೇಡ. ಒಂದು ಪುಟಕ್ಕೆ ಒಂದು ವಾರ ಹಿಡಿದರೂ ನಷ್ಟವಿಲ್ಲ, ಮನೆಪಾಠಕ್ಕೆ ಗಂಟೆ ಬಾರಿಸುವವರು ಯಾರೂ ಇಲ್ಲವಲ್ಲ.

2027ರ ಆಗಸ್ಟ್ 2, ಸೋಮವಾರ, ನಾಗರ ಅಮಾವಾಸ್ಯೆ. ಆ ಸಂಜೆ ನಮ್ಮಲ್ಲೂ ಪಾರ್ಶ್ವ ಸೂರ್ಯಗ್ರಹಣವಿದೆ. ಮಳೆಗಾಲ, ಮೋಡ ಕವಿದರೂ ಕವಿಯಬಹುದು. ಎಷ್ಟು ಗಂಟೆಗೆ ಹಿಡಿಯುತ್ತದೆ, ಎಷ್ಟು ಭಾಗ ಮುಚ್ಚುತ್ತದೆ ಎಂದು ಮಗ ಮೊದಲೇ ಲೆಕ್ಕ ತೆಗೆದು ಬರೆದಿಡಲಿ. ಬರಿಗಣ್ಣಿನಿಂದ ನೋಡಗೊಡಬೇಡ, ರಟ್ಟಿಗೆ ಸೂಜಿಯಿಂದ ತೂತು ಮಾಡಿ ಗೋಡೆಯ ಮೇಲೆ ಬಿಂಬ ಬೀಳಿಸಿರಿ, ಓಣಿಯ ಮಕ್ಕಳನ್ನೂ ಕರೆಯಿರಿ. ಲೆಕ್ಕ ಕೂಡಿಬಂದರೂ ತಪ್ಪಿದರೂ ನನಗೊಂದು ಕಾಗದ ಬರೆಯಲು ಅವನಿಗೆ ಹೇಳು.