ಎಲ್‌ಎಲ್‌ಆರ್ ಇದೆ, ಕೈ ಮರೆತಿದೆ: ಲಾಕ್‌ಡೌನ್ ಕಲಿಸಿದ ಡ್ರೈವಿಂಗ್ ಪಾಠ

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯ್ತು. ಹಾಸ್ಟೆಲ್ ಬಿಟ್ಟು ಊರು ಸೇರಿದ ನಾವು ಗಾಡಿ ಮುಟ್ಟಲೇ ಇಲ್ಲ. ಅವಧಿ ಮುಗಿದ ಲೈಸೆನ್ಸ್‌ಗಳಿಗೆ ಸರ್ಕಾರ ಹಲವು ಸಲ ಕಾಲಾವಕಾಶ ಕೊಟ್ಟಿತು. ಕಾಗದದ ಅವಧಿ ಹಿಗ್ಗಿತು, ಕೈಯ ಅಭ್ಯಾಸ ಹಿಗ್ಗಲಿಲ್ಲ.

ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಅಪಾಯ ಕಂಡು ಬ್ರೇಕ್ ಒತ್ತಲು 1.5 ಸೆಕೆಂಡ್ ಹಿಡಿದರೆ, ಬ್ರೇಕ್ ಹಿಡಿಯುವ ಮೊದಲೇ 25 ಮೀಟರ್ ದಾಟಿರುತ್ತೇವೆ. ಅಭ್ಯಾಸ ತಪ್ಪಿ ಅರ್ಧ ಸೆಕೆಂಡ್ ತಡವಾದರೆ ಇನ್ನೂ 8 ಮೀಟರ್. ಬಲಸಮುದ್ರದಂಥ ಊರಿನ ರಸ್ತೆಯಲ್ಲಿ ಹುರುಳಿ ಒಕ್ಕಣೆ ಹರಡಿದ್ದರೆ, ಅಷ್ಟೇ ದೂರ ಒಂದು ಜೀವದ ಬೆಲೆ.

ಬ್ರಿಟನ್ನಿನಲ್ಲಿ 1956ರಲ್ಲಿ ಶುರುವಾದ ಇನ್ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಮೋಟರಿಸ್ಟ್ಸ್‌ನ ಸ್ಥಳೀಯ ಗುಂಪುಗಳಲ್ಲಿ ಅನುಭವಿಯೊಬ್ಬರು ಪಕ್ಕದ ಸೀಟಲ್ಲಿ ಕೂತು ಕಲಿಸುತ್ತಾರೆ. ಕೊರೊನಾದಲ್ಲಿ ಪಕ್ಕ ಕೂರುವುದೇ ಅಪಾಯವಾಯ್ತು. ಆದರೆ ಅವರ ಒಂದು ಅಭ್ಯಾಸಕ್ಕೆ ಪಕ್ಕದ ಸೀಟು ಬೇಕಾಗಿಲ್ಲ: ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾ ಓಡಿಸುವುದು. "ಮುಂದೆ ತಿರುವು, ಎಡಗಡೆ ಎಮ್ಮೆ, ಹಿಂದೆ ಬಸ್ಸು, ಗೇರ್ ಇಳಿಸ್ತೀನಿ."

ನಾವೂ ಹೀಗೆ ಮಾಡಬಹುದು:

1. ಮನೆಯಲ್ಲಿ ರಸ್ತೆಯ ವಿಡಿಯೋ ಹಾಕಿ, ನಡುವೆ ನಿಲ್ಲಿಸಿ "ಮುಂದೇನಾಗಬಹುದು?" ಅಂತ ಕೇಳಿಕೊಳ್ಳಿ.
2. ಲೈಸೆನ್ಸ್ ಇರುವ ಮನೆಯವರನ್ನೇ ಪಕ್ಕ ಕೂರಿಸಿ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಕಂಡದ್ದನ್ನು ಹೇಳುತ್ತಾ ಹೋಗಿ.
3. ಹೇಳೋಕೆ ಸಮಯ ಸಾಲದಿದ್ದರೆ ವೇಗ ಜಾಸ್ತಿಯಾಗಿದೆ ಅಂತಲೇ ತಿಳಿಯಿರಿ, ಇಳಿಸಿ.

ಖಾಲಿ ರಸ್ತೆ ನಮ್ಮನ್ನು ಒಳ್ಳೆ ಡ್ರೈವರ್ ಅಂತ ನಂಬಿಸಿಬಿಡುತ್ತೆ. ಬಸ್ಸು, ಎಮ್ಮೆ, ಮಕ್ಕಳು ಮತ್ತೆ ರಸ್ತೆಗೆ ಬಂದ ದಿನವೇ ನಿಜವಾದ ಟೆಸ್ಟು.